ಎಣಿಸದೆ ಓಡಿದವಳು

ಮನೆಯಲ್ಲಿ ಅವಳಿಗೆ ‘ಬಾಲ’ ಎಂದೇ ಹೆಸರು. ಅಕ್ಕ ಓಡಿದಲ್ಲೆಲ್ಲ ಅವಳ ಹಿಂದೆಯೇ ಓಡಿ ಬೆಳೆದವಳು. ಜೂನಿಯರ್ ಅಂತರರಾಷ್ಟ್ರೀಯ ಕೂಟದ ಐದು ಸಾವಿರ ಮೀಟರಿಗೆ ಹೋಗಬೇಕಾದವಳು ಅಕ್ಕನೇ. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಅದೇ ಕೊನೆಯ ಅವಕಾಶ. ಆಯ್ಕೆಗೆ ಹತ್ತು ದಿನವಿರುವಾಗ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಬಾಲ ಆಯ್ಕೆಯಾದಳು. ಹೊರಡುವ ದಿನ ಅಕ್ಕ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ತಂಡವೆಂದರೆ ಇಬ್ಬರೇ. ಕೋಚ್ ಈಟಿ ಎಸೆಯುವ ಹುಡುಗಿಯ ಜೊತೆ ಇನ್ನೊಂದು ಮೈದಾನಕ್ಕೆ ಹೋಗಿದ್ದರು.

ಎರಡನೇ ಸುತ್ತಿಗೇ ಗುಂಪು ಮುಂದೆ ಹೋಯಿತು. ಬಾಲ ಒಂಟಿಯಾಗಿ ಓಡಿದಳು. ಕೊನೆಗೆ, ಕೊನೆಯ ಸುತ್ತಿನ ಗಂಟೆ ಮೊಳಗಿತು. ಅದು ತನಗೇ ಎಂದುಕೊಂಡು ಇದ್ದ ಬಲವೆಲ್ಲ ಹಾಕಿ ಓಡಿದಳು. ಗೆರೆಯ ಹತ್ತಿರ ಮೊದಲನೆಯವಳು ಅವಳನ್ನು ದಾಟಿ ಗೆದ್ದಳು. ಬಾಲ ಅವಳ ಹಿಂದೆಯೇ ಬಂದು, ಮೊಣಕಾಲು ಹಿಡಿದು ನಿಂತಳು.

ನೀಲಿ ಕೋಟಿನ ಅಧಿಕಾರಿಣಿಯೊಬ್ಬಳು ಓಡಿ ಬಂದು ಒಂದು ಬೆರಳು ಎತ್ತಿ ತೋರಿಸಿದಳು. ಇನ್ನೂ ಒಂದು ಸುತ್ತು. ಗಂಟೆ ಮೊಳಗಿದ್ದು ಒಂದು ಸುತ್ತು ಮುಂದಿದ್ದ ಗೆದ್ದವಳಿಗೆ.

ಬಾಲಳಿಗೆ ಅಳು ಬಂತು. ಆದರೂ ಮತ್ತೆ ಓಡಿದಳು. ಆ ಸುತ್ತು ಮುಗಿಯುವಾಗ ಉಳಿದವರೆಲ್ಲ ಗೆರೆ ದಾಟಿಯಾಗಿತ್ತು. ಜನ ಬಾವುಟ ಹೊದ್ದ ಗೆದ್ದವಳನ್ನು ನೋಡುತ್ತಿದ್ದರು.

ಬಟ್ಟೆ ಬದಲಿಸುವ ಕೋಣೆಯಿಂದ ಮನೆಗೆ ಫೋನ್ ಮಾಡಿದಳು. ಅಕ್ಕ ಎತ್ತಿದಳು.

“ಟಿವಿಯಲ್ಲಿ ನೀನು ಕಾಣಿಸಲೇ ಇಲ್ಲ ಕಣೇ. ಟೈಮ್ ಎಷ್ಟು?”

“ಹದಿನಾರು ನಿಮಿಷ ಐವತ್ತೆರಡು ಸೆಕೆಂಡ್.”

“ನನ್ನ ಬೆಸ್ಟ್ ಹದಿನಾರು ಐವತ್ನಾಲ್ಕು,” ಎಂದಳು ಅಕ್ಕ.

“ಗೊತ್ತು. ಸುತ್ತು ತಪ್ಪಿ ಮಧ್ಯೆ ನಿಂತುಬಿಟ್ಟೆ ಅಕ್ಕ. ನಾನು ಯಾವತ್ತು ಎಣಿಸಿದ್ದೀನಿ ಹೇಳು, ನಿನ್ನ ಬೆನ್ನು ನೋಡ್ಕೊಂಡು ಓಡ್ತಿದ್ದೆ. ನೀನಿದ್ದಿದ್ರೆ ನಿಲ್ತಿರಲಿಲ್ಲ.”

“ನಿಲ್ತಿರಲಿಲ್ಲ, ನಿಜ. ಐವತ್ತೆರಡೂ ಬರ್ತಿರಲಿಲ್ಲ. ನನ್ನನ್ನ ದಾಟೋಕೆ ನಿನಗೆ ಮನಸ್ಸೇ ಬರ್ತಿರಲಿಲ್ಲ.”

ಅಕ್ಕ ಹೇಳಿದ್ದು ಸುಳ್ಳಾಗಿರಲಿಲ್ಲ.

“ಸರಿ, ಏನಾದ್ರೂ ತಿನ್ನು,” ಎಂದು ಅಕ್ಕ ಫೋನ್ ಇಟ್ಟಳು.

ಮುಂದಿನ ಓಟದ ಹುಡುಗಿಯರು ತಮ್ಮ ಭಾಷೆಯಲ್ಲಿ ಹರಟುತ್ತಾ ಒಳಗೆ ಬಂದರು. ಬಾಲ ಬೆಂಚಿನ ಮೇಲಿದ್ದ ತನ್ನ ಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡು, ಅವರಿಗೆ ಜಾಗ ಬಿಟ್ಟಳು.