ಒಂದು ಪಾಯಿಂಟ್ ಮೂರು ವೋಲ್ಟ್

ಬಿಸಿ ಇಳಿಸುವ ಪೇಸ್ಟು ಒಣಗಿ ಹಳೆ ಸುಣ್ಣದ ಹಾಗೆ ಉದುರುತ್ತಿದೆ, ಪ್ರೊಸೆಸರಿನ ನೆತ್ತಿಯಿಂದ ಅದನ್ನು ಕೃಷ್ಣಕುಮಾರ್ ಹತ್ತಿಯಲ್ಲಿ ಒರೆಸುತ್ತಿದ್ದಾರೆ, ಎಷ್ಟು ನಿಧಾನ ಈ ಮನುಷ್ಯ, ಮಗುವಿಗೆ ಮುಖ ತೊಳೆಸುವವರಂತೆ, ನಂಜನಗೂಡಿನ ಈ ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಸಂಘಮಿತ್ರಾಳ ಸೊಂಟ ಹಿಡಿದುಹೋಗಿದೆ, ನರಸೀಪುರದಿಂದ ಇಲ್ಲಿಯವರೆಗೆ ಕಂಪ್ಯೂಟರಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಂದದ್ದು, ಕಂಡಕ್ಟರ್ ಬೇರೆ, ಇದ್ಕೂ ಒಂದು ಟಿಕೆಟ್ ಅರೀಲಾ ಅಕ್ಕ, ಅಂತ ಹಲ್ಲು ಕಿರಿದ, ಅವನ ಹಲ್ಲಿಗಿಷ್ಟು — ಎಲ್ಲ ಆ ಪ್ರೇಮುವಿನಿಂದ, ಒಡಹುಟ್ಟಿದ ತಮ್ಮನಿಂದ. ಒಂದು ಪಾಯಿಂಟ್ ಮೂರು ವೋಲ್ಟು, ಎಂಬತ್ತು ಡಿಗ್ರಿ, ಎರಡೇ ಎರಡು ಮಾತು, ದಾಟಬಾರದು ಅಂತ ಚೀಟಿ ಬರೆದು ಡಬ್ಬಕ್ಕೆ ಅಂಟಿಸಿದ್ದಳು, ಈಗಲೂ ಅಲ್ಲೇ ಇದೆ ಚೀಟಿ, ಕಣ್ಣಿಗೆ ಹೊಡೆಯುವಷ್ಟು ದಪ್ಪ ಅಕ್ಷರ. ಸೆಕೆಂಡ್‌ಹ್ಯಾಂಡ್ ಪ್ರೊಸೆಸರ್, ಕಂಪನಿ ಕೊಟ್ಟ ವೇಗಕ್ಕೆ ಬಿಟ್ಟರೆ ಅವಳು ಎಡಿಟ್ ಮಾಡುವ ಒಂದು ಮದುವೆ ವಿಡಿಯೋ ಮುಗಿಯುವಷ್ಟರಲ್ಲಿ ಆ ದಂಪತಿಗೆ ಮಗುವಾಗಿರುತ್ತದೆ, ಅದಕ್ಕೇ ವೇಗ ಏರಿಸಿದ್ದು, ವೇಗ ಏರಿಸಿದರೆ ವೋಲ್ಟೇಜ್ ಕೇಳುತ್ತದೆ, ವೋಲ್ಟೇಜ್ ಕೊಟ್ಟರೆ ಬಿಸಿಯಾಗುತ್ತದೆ, ಬಿಸಿಯಾದರೆ ಕಣ್ಣಿಗೆ ಕಾಣುತ್ತದೆ, ಆದರೆ ವೋಲ್ಟೇಜ್ ಹೆಚ್ಚಾದದ್ದು ಸದ್ದಿಲ್ಲದೆ ಒಳಗೊಳಗೇ ತಿನ್ನುತ್ತದೆ, ಇದನ್ನೆಲ್ಲ ಅವಳು ತಿಂಗಳುಗಟ್ಟಲೆ ಓದಿ, ಒಂದೊಂದೇ ಅಂಕಿ ಏರಿಸಿ, ನಾಲ್ಕು ಪಾಯಿಂಟ್ ಆರು ಗಿಗಾಹರ್ಟ್ಸಿಗೆ ತಂದು ನಿಲ್ಲಿಸಿದ್ದು. ಅವಳ ಮೊದಲ ಸ್ವಂತ ದುಡಿಮೆ ಅದು.

ಮತ್ತು ಆ ಧಡಿಯ ಏನು ಹೇಳಿದ್ದ, ಹಬ್ಬದ ಹಿಂದಿನ ದಿನ, ಆಟವಾಡುತ್ತಾ ಕಾಲು ಕುಣಿಸಿಕೊಂಡು, ಅಕ್ಕಾ ಇನ್ನೊಂಚೂರು ಏರ್ಸಿದ್ರೆ ಐದು ಮುಟ್ತದೆ ಕಣಕ್ಕ, ಇನ್ನೊಂಚೂರಂತೆ, ಇಪ್ಪತ್ತೆರಡು ವರ್ಷದ ಗಂಡಾಳು, ಬುದ್ಧಿ ಮಾತ್ರ ಮೊಣಕಾಲಲ್ಲಿ, ಮುಟ್ಟಿದ್ರೆ ಕೈ ಮುರೀತೀನಿ ಅಂದಿದ್ದಳು ಅವತ್ತೇ. ಮೊನ್ನೆ ಮಧ್ಯಾಹ್ನ ವಿಡಿಯೋ ತೊಂಬತ್ಮೂರು ಪರ್ಸೆಂಟಿಗೆ ಬಂದು ಪರದೆ ನೀಲಿಯಾಗಿ ನಿಂತಿತು, ಎಬ್ಬಿಸಿದಳು, ಮತ್ತೆ ನೀಲಿ, ಮೂರನೆಯ ಸಲ ಎದ್ದಾಗ ವೋಲ್ಟೇಜ್ ನೋಡಿದರೆ ಒಂದು ಪಾಯಿಂಟ್ ನಾಲ್ಕು ಆರು, ತಿರುಗಿದರೆ ಅವನು ಕಿಟಕಿಯ ಹತ್ತಿರ, ಎರಡೂ ಕೈಯಲ್ಲಿ ಒದ್ದೆ ಗೋಣಿತಾಟು ಹಿಡಿದುಕೊಂಡು, ನೀರು ಪಾದದ ಮೇಲೆ ತೊಟ್ಟಿಕ್ಕುತ್ತಾ — ಕಂಪ್ಯೂಟರ್ ಇರೋ ಕೋಣೆಗೆ ನೀರು! — ಹೊಡೆದಳು, ಐದೂ ಬೆರಳು ಮೂಡುವ ಹಾಗೆ. ನಾನಲ್ಲ ಕಣಕ್ಕ, ಅಂದ. ಸುಳ್ಳು ಬೊಗಳಬೇಡ, ಈ ಮನೆಗೆ ಇನ್ನು ಕಾಲಿಡಬೇಡ, ಅಂದಳು. ಅಂದದ್ದು ಸರಿಯೇ, ಈಗಲೂ ಅನ್ನುತ್ತಾಳೆ, ಕಳಲೆಯ ಚಿಕ್ಕಮ್ಮನ ಮನೆಯಲ್ಲಿ ಕೂತಿದ್ದಾನಂತೆ, ಕೂತಿರಲಿ, ಎರಡು ದಿನವಾಯಿತು, ಫೋನ್ ಎತ್ತುವುದಿಲ್ಲ, ತಪ್ಪು ಮಾಡಿದವನಿಗೆ ಈ ಕೊಬ್ಬು ಬೇರೆ.

ಅವ್ವ ಚಲುವಮ್ಮನೂ ಅವನ ಕಡೆಗೇ. ಗಂಡುಡ್ಗನ ಕೆನ್ನೆಗೆ ಒಡ್ದುಬುಟ್ಯಲ್ಲವ್ವಾ, ಕೇಳಿ ಒಡೀಬಾರ್ದಾಗಿತ್ತಾ, ಅಂತ ಚಲುವಮ್ಮ ರೇಷ್ಮೆಹುಳದ ಮನೆಯ ಬಾಗಿಲಲ್ಲಿ ಅತ್ತಳು, ಗಂಡುಡ್ಗನಂತೆ, ಹೆಣ್ಣುಡುಗಿ ದುಡಿಮೆ ಹಾಳಾದರೆ ಯಾರೂ ಅಳುವುದಿಲ್ಲ. ಅವ್ವನಿಗೆ ಮಿತಿಯೆಂದರೆ ಏನೆಂದು ಗೊತ್ತಿಲ್ಲವೇ, ಮುಂಗೈ ಗಾಳಿಗೆ ಹಿಡಿದು ಇಪ್ಪತ್ತೇಳು ಡಿಗ್ರಿ ಅನ್ನುತ್ತಾಳೆ, ಗೋಡೆಯ ಥರ್ಮಾಮೀಟರೂ ಅದನ್ನೇ ಹೇಳುತ್ತದೆ, ಬಿಸಿಲೇರಿದರೆ ಗೋಣಿತಾಟು ನೆನೆಸಿ ಕಿಟಕಿಗೆ ಕಟ್ಟುತ್ತಾಳೆ, ಪೊರೆ ಬಿಡ್ತಾ ಜ್ವರದಲ್ಲಿರೋ ಉಳಕ್ಕೆ ಸೊಪ್ಪಾಕ್ಬ್ಯಾಡ ಅನ್ನುತ್ತಾಳೆ, ಹುಳಕ್ಕೆ ಇಷ್ಟು ಲೆಕ್ಕಾಚಾರ, ಮಗಳ ಕಂಪ್ಯೂಟರಿಗೆ ಇಲ್ಲ. ಅವನೂ ಆ ಹುಳದ ಥರ್ಮಾಮೀಟರನ್ನೇ ತಂದು ಡಬ್ಬದ ಪಕ್ಕ ನೇತುಹಾಕಿದ್ದ, ನಾಟಕ, ಅಕ್ಕಾ ತೊಂಬತ್ತೆರಡು ತೋರಿಸ್ತಾ ಅದೆ ಪರದೇಲಿ, ಒಂದ್ಸಲ ನೋಡಕ್ಕ, ಅಂತ ಹೋದ ವಾರ ಎರಡು ಸಲ ಅಂದಿದ್ದ, ಕಳ್ಳನೇ ಕೂಗು ಹಾಕಿದ ಹಾಗೆ, ಆಗ ಅವಳಿಗೆ ಪುರುಸೊತ್ತಿರಲಿಲ್ಲ, ತೀಟೆ ಮಾಡಿ ಈಗ ಹೇಳಕ್ಕೆ ಬಂದಿದ್ದಾನೆ ಅನ್ನಿಸಿತ್ತು, ಒದ್ದೆ ಗೋಣಿತಾಟು ಹಿಡಿದು ನಿಂತಿದ್ದ ಪೆಕರ, ಹೊಡೆತ ಬಿದ್ದಾಗ ಕೈ ಕೂಡ ಅಡ್ಡ ತರಲಿಲ್ಲ.

ಸೆಲ್ ಒಸ್ದು ಆಕಿದ್ದೀಯಲ್ಲಮ್ಮ, ಯಾವಾಗ? ಕೃಷ್ಣಕುಮಾರ್ ಬೋರ್ಡಿನ ಮೂಲೆಯ ಗುಂಡು ಸೆಲ್ಲನ್ನು ಉಗುರಲ್ಲಿ ತಟ್ಟುತ್ತಿದ್ದಾರೆ, ಹೋದ ತಿಂಗಳು ಸಾ, ಅನ್ನುತ್ತಾಳೆ, ಅದಕ್ಕೂ ಇದಕ್ಕೂ ಏನು ಸಂಬಂಧ, ವಾಚ್ ಅಂಗಡಿಯಿಂದ ತಾನೇ ತಂದು ತಾನೇ ಹಾಕಿದ್ದು, ಸೆಲ್ ಸತ್ತು ಬೋರ್ಡ್ ಎಲ್ಲ ಮರೆತುಬಿಟ್ಟಿತ್ತು, ವೇಗ, ವೋಲ್ಟೇಜ್, ದಿನಾಂಕ, ಎಲ್ಲ. ಹೊಸ ಪೇಸ್ಟ್ ಹಚ್ಚಿ ಫ್ಯಾನ್ ಕೂರಿಸಿ ಅವರು ಸ್ವಿಚ್ ಒತ್ತುತ್ತಾರೆ, ಒಳಗಿನ ಮೆನು ತೆರೆದುಕೊಳ್ಳುತ್ತದೆ, ಅವಳು ಮುಂದೆ ಬಾಗುತ್ತಾಳೆ, ತೋರಿಸಿ ಸಾ, ಒಂದು ಪಾಯಿಂಟ್ ನಾಲ್ಕು ಆರು ಅಂತ ಟೈಪ್ ಮಾಡವ್ನಲ್ಲ, ತೋರಿಸಿ. ಯಾರೂ ಟೈಪ್ ಮಾಡಿಲ್ಲ ಕಣಮ್ಮ, ನೋಡು, ಆಟೋ ಅಂತ ಅದೆ. ಸ್ಪೀಡ್ ಏರ್ಸ್‌ಬುಟ್ಟು ವೋಲ್ಟೇಜ್ ಆಟೋದಲ್ಲಿ ಬುಟ್ರೆ ಬೋರ್ಡು ತನ್ ಪಾಡಿಗೆ ತಾನೇ ಜಾಸ್ತಿ ಕೊಡ್ತದೆ. ಒಂದು ತಿಂಗ್ಳು ಇಂಗೇ ಓಡಿರೋದು ಅಂದ್ರೆ ಒಳಗೆ ಸವೆದೋಗಿರ್ತದೆ, ಇನ್ನು ಕಂಪನಿ ಸ್ಪೀಡಲ್ಲೂ ಇದು ನಿಲ್ಲಲ್ಲ.

ಆಟೋ. ಮೇಲಿನ ಸಾಲಿನಲ್ಲಿ ನಾಲ್ಕು ಪಾಯಿಂಟ್ ಆರು, ಪ್ರೇಮು ಕೈ ಹಾಕಿದ್ದರೆ ಐದು ಇರಬೇಕಿತ್ತು, ಐದಿಲ್ಲ, ನಾಲ್ಕು ಪಾಯಿಂಟ್ ಆರು ಅವಳದೇ ಅಂಕಿ — ಅವತ್ತು ಸೆಲ್ ಹಾಕಿ ನೆನಪಿನಿಂದ ಒಂದೊಂದೇ ಸಾಲು ತುಂಬುತ್ತಿದ್ದಳು, ವೇಗ ತುಂಬಿದಳು, ವೋಲ್ಟೇಜ್ ಸಾಲಿಗೆ ಬರುವಷ್ಟರಲ್ಲಿ ಹೊರಗಿನಿಂದ ಅವ್ವ, ಮಿತ್ರಾ ಸೊಪ್ಪು ಬಂತು ಬಾರವ್ವ, ಗಾಡಿಯೋನು ಕಾಯ್ತಾವ್ನೆ ಇಳಿಸ್ಕೊಳ್ಳವಾ, ಬಂದೆ ಕಣವ್ವ, ಸೇವ್ ಒತ್ತಿ ಎದ್ದು ಓಡಿದಳು, ಪ್ರೇಮು ಅವತ್ತು ಊರಲ್ಲೇ ಇರಲಿಲ್ಲ, ಪರೀಕ್ಷೆಗೆ ಹೋಗಿದ್ದ, ಸೊಪ್ಪಿನ ಹೊರೆ ಇಳಿಸಲು ಅವನಿಲ್ಲವೆಂದೇ ಅವ್ವ ಅವಳನ್ನು ಕರೆದದ್ದು, ಥೂ, ಥೂ ನಿನ್ನ, ಚೀಟಿ ಬರೆದು ಅಂಟಿಸಿದವಳೂ ನೀನೇ ದಾಟಿಸಿದವಳೂ ನೀನೇ, ತೊಂಬತ್ತೆರಡು ಅಂತ ಕಾವಲು ಕೂತು ಕೂಗಿದವನಿಗೆ ಐದು ಬೆರಳು, ಇನ್ನೊಂದು ಪ್ರೊಸೆಸರ್ ತರಬಹುದು ಕಣಮ್ಮ ಅನ್ನುತ್ತಿದ್ದಾರೆ ಕೃಷ್ಣಕುಮಾರ್, ಯಾರಿಗೆ ಬೇಕು, ಕಳಲೆಗೆ ಹೋಗಿ ಏನಂತ ಹೇಳುವುದು, ಯಾವ ಮುಖ ಇಟ್ಟುಕೊಂಡು — ಅವನ್ಯಾಕೆ ಕೈ ಅಡ್ಡ ತರಲಿಲ್ಲ, ಗೋಣಿತಾಟು ಬಿಟ್ಟಿದ್ದರೆ ಕೆನ್ನೆ ಉಳಿಯುತ್ತಿತ್ತು, ಬಿಟ್ಟಿದ್ದರೆ ನೆಲಕ್ಕೆ ಬಿದ್ದು ನೀರು ಸಿಡಿಯುತ್ತಿತ್ತು, ಮುಚ್ಚಳ ತೆಗೆದಿಟ್ಟಿದ್ದ ಡಬ್ಬ ಅವನ ಕಾಲ ಬಳಿಯೇ ಇತ್ತು, ಅವನು ಬಿಡಲಿಲ್ಲ, ಹೊಡೆತ ಬಿದ್ದಾಗಲೂ ಎರಡೂ ಕೈಯಲ್ಲಿ ಬಿಗಿಯಾಗಿ, ಎದೆಗೆ ಒತ್ತಿಕೊಂಡು, ಆ ಒದ್ದೆ ಗೋಣಿತಾಟು.