ನೆಲಕ್ಕೆ ಎರಡು ಏಟು

ಹಡಗಿನ ಏಣಿಯ ಕೊನೆಯ ಮೆಟ್ಟಿಲಿನಿಂದ ಕಾಲು ಕೆಳಗಿಟ್ಟಾಗ ಬಂದರಿನ ಕಲ್ಲುಕಟ್ಟೆ ಒಮ್ಮೆ ಮೇಲೆದ್ದು ಮತ್ತೆ ಮೆಲ್ಲಗೆ ಕುಳಿತಂತಾಯಿತು. ಅವಳು ಪಕ್ಕದ ಕಂಬ ಹಿಡಿದುಕೊಂಡಳು. ಕಲ್ಲು ಅಲುಗಾಡುವುದಿಲ್ಲವೆಂದು ತಲೆಗೆ ಗೊತ್ತು. ಕಾಲಿಗೆ ಯಾರು ಹೇಳಬೇಕು? ಸಮುದ್ರದ ಬುದ್ಧಿಯೇ ಹಾಗೆ. ಬಿಟ್ಟು ಬಂದವರನ್ನು ಅದು ಕೂಡಲೇ ಬಿಡುವುದಿಲ್ಲ, ಮನೆಯ ಬಾಗಿಲವರೆಗೂ ಜೊತೆಗೆ ಬರುತ್ತದೆ.

ಕಟ್ಟೆಯಾಚೆ ಗಂಡ ನಿಂತಿದ್ದ. ಬಡಗಿಯ ಕೆಲಸವನ್ನು ಅರ್ಧಕ್ಕೇ ಬಿಟ್ಟು ಓಡಿಬಂದಿದ್ದನೇನೋ, ಕೂದಲ ತುಂಬ ಮರದ ಹೊಟ್ಟು. ಸೊಂಟದ ಮೇಲೆ ಮಗಳು. ತಾನು ಹಡಗು ಹತ್ತಿದಾಗ ಅಂಬೆಗಾಲಿಡುತ್ತಿದ್ದ ಕೂಸಿಗೆ ಈಗ ಜುಟ್ಟು ಕಟ್ಟುವಷ್ಟು ಕೂದಲು, ಕಾಲಲ್ಲಿ ಚಪ್ಪಲಿ.

ಈ ಗಳಿಗೆಯನ್ನು ಅವಳು ಹಡಗಿನಲ್ಲಿ ಎಷ್ಟು ಸಲ ಕಂಡಿದ್ದಳೋ. ಸಂಶೋಧನೆಗೆಂದು ಕಡಲ ತಳದ ಕೆಸರನ್ನು ಉದ್ದುದ್ದ ಕೊಳವೆಗಳಲ್ಲಿ ಮೇಲೆತ್ತಿಸಿ, ಬಿಲ್ಲೆಬಿಲ್ಲೆಯಾಗಿ ಕೊಯ್ದು ಚೀಲಕ್ಕೆ ತುಂಬುವುದು ಅವಳ ಕೆಲಸ. ಕೈ ಕೆಸರಿನಲ್ಲಿದ್ದರೂ ಮನಸ್ಸು ಇಲ್ಲೇ, ಈ ಕಟ್ಟೆಯ ಮೇಲೆ, ಓಡಿಬರುವ ಮಗಳಿಗಾಗಿ ತೋಳು ಚಾಚಿ ನಿಂತಿರುತ್ತಿತ್ತು. ಹಡಗಿನ ಅಡುಗೆಯವನು, ನಾಲ್ಕು ಮಕ್ಕಳ ತಂದೆ, ಒಮ್ಮೆ ಹೇಳಿದ್ದ: "ಹೋದ ತಕ್ಷಣ ಎತ್ಕೊಳ್ಳೋಕೆ ಹೋಗ್ಬೇಡಿ ಮೇಡಂ. ಮಕ್ಕಳು ಬೆಕ್ಕಿನ ಜಾತಿ. ಕರೆದ್ರೆ ಬರಲ್ಲ. ಸುಮ್ನೆ ಕೂತ್ರೆ ತಾವೇ ಬಂದು ಮಡಿಲಲ್ಲಿ ಕೂರ್ತವೆ."

ಬುದ್ಧಿ ಕೇಳಿತ್ತು, ಕೈ ಕೇಳಲಿಲ್ಲ. ಚಾಚಿಯೇಬಿಟ್ಟಿತು. ಮಗಳು ಅಪ್ಪನ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು.

"ಅಮ್ಮ ಕಣೇ ಪುಟ್ಟಿ. ಅಮ್ಮ ಎಲ್ಲಿ, ತೋರ್ಸು ನೋಡೋಣ?" ಎಂದ ಗಂಡ.

ಪುಟ್ಟಿ ತಲೆಯೆತ್ತದೆಯೇ ಅವನ ಅಂಗಿಯ ಜೇಬು ತೋರಿಸಿದಳು. ಜೇಬಿನಲ್ಲಿ ಫೋನಿತ್ತು. ಅಮ್ಮ ಇರುವುದು ಅದರೊಳಗೆ. ಎಂದಾದರೊಮ್ಮೆ ಪರದೆಯ ಮೇಲೆ ಬೆಳಕಾಗಿ ಬಂದು, ಅರ್ಧ ಮಾತಿಗೇ ಬಾಯಿ ತೆರೆದು ಕಲ್ಲಾಗಿ ನಿಲ್ಲುವವಳು ಅಮ್ಮ. ಉಪ್ಪುಗಾಳಿಗೆ ಕಪ್ಪಾಗಿ, ಕಂಬ ಹಿಡಿದು ತೂಗುತ್ತಿರುವ ಈ ಹೆಂಗಸು ಯಾರೋ.

"ನಿನ್ನೆಯೆಲ್ಲ ನಿನ್ನದೇ ಜಪ ಮಾಡ್ತಿದ್ಲು," ಎಂದ ಅವನು, ತಪ್ಪು ತನ್ನದೇ ಎಂಬಂತೆ.

"ಇರ್ಲಿ ಬಿಡು," ಎಂದಳು. ಕಂಬ ಬಿಟ್ಟು ಅವನ ಜೊತೆ ಮನೆಯತ್ತ ಹೆಜ್ಜೆ ಹಾಕಿದಳು.

ಮನೆಯ ಬಾಗಿಲಲ್ಲಿ ಅತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದು ಅವಳ ನಡಿಗೆ ನೋಡಿದರು. "ಇದೇನಮ್ಮಾ ಹೀಗೆ ತೂರಾಡ್ತೀಯ? ಬರೀ ಉಪ್ಪುನೀರು ಕುಡಿದ್ಯೋ, ಇನ್ನೇನಾದ್ರೂ ಕುಡಿದು ಬಂದ್ಯೋ?"

"ನೆಲ ಆಡ್ತಾ ಇದೆ ಅತ್ತೆ. ಎರಡು ದಿನ ಹೀಗೇ ಇರತ್ತೆ."

"ನನ್ನ ನೆಲಕ್ಕೆ ಹೆಸರಿಡ್ಬೇಡ. ಮದುವೆಯಾಗಿ ಬಂದಾಗಿಂದ ಒರೆಸ್ತಿದೀನಿ, ಒಂದಿನ ಅಲುಗಾಡಿಲ್ಲ ಅದು," ಎನ್ನುತ್ತ ಸೊಸೆಯ ತೋಳನ್ನು ಗಟ್ಟಿಯಾಗಿ ಹಿಡಿದು ಒಳಗೆ ಕರೆದುಕೊಂಡು ಹೋದರು.

ಒಳಗೆ ಮೇಜು, ಬೆಂಚು, ಕಪಾಟುಗಳ ಮೂಲೆಗಳನ್ನೆಲ್ಲ ಗಂಡ ಉಜ್ಜಿ ಗುಂಡಗೆ ಮಾಡಿಟ್ಟಿದ್ದ. ಒಂದೊಂದನ್ನೂ ಅವಳು ಸವರಿದಳು. ಎಲ್ಲ ಮಗಳ ಹಣೆಯ ಎತ್ತರಕ್ಕೇ ಇದ್ದವು. ತಾನು ಕಾಣದೆ ಮಗಳು ಬಿದ್ದೆದ್ದದ್ದೆಲ್ಲ ಬೆರಳಿಗೆ ನುಣ್ಣಗೆ ತಗುಲಿತು.

ಅಪ್ಪನ ಸೊಂಟದಿಂದ ಇಳಿದು ಅಜ್ಜಿಯ ಸೆರಗು ಹಿಡಿದಿದ್ದ ಪುಟ್ಟಿ ಈಗ ಅದನ್ನು ಬಿಟ್ಟು ಕಿಟಕಿಯತ್ತ ಹೊರಟಳು. ಮೂರು ಹೆಜ್ಜೆ ನಡೆದು, ನಾಲ್ಕನೆಯದಕ್ಕೆ ದೊಪ್ಪನೆ ಬಿದ್ದಳು. ತುಟಿ ಇನ್ನೇನು ಸೊಟ್ಟಗಾಗಬೇಕು, ಅಷ್ಟರಲ್ಲಿ ಅತ್ತೆ ಬಗ್ಗಿ ನೆಲಕ್ಕೆ ಪಟಪಟನೆ ಎರಡೇಟು ಕೊಟ್ಟರು. "ನಮ್ಮ ಪುಟ್ಟೀನ ಬೀಳಿಸ್ತೀಯಾ? ತಗೋ, ತಗೋ." ನ್ಯಾಯ ಸಿಕ್ಕಿದ ಪುಟ್ಟಿ ಅಳು ನುಂಗಿ ಎದ್ದಳು. ಆ ಮನೆಯಲ್ಲಿ ಅದು ದಿನದ ವ್ಯವಹಾರವಾಗಿತ್ತು. ಬೆಂಚಿನ ಮೇಲೆ ಕುಳಿತ ಅವಳೊಬ್ಬಳೇ ನೆಂಟಳಂತೆ ನೋಡುತ್ತಿದ್ದಳು.

ಅತ್ತೆ ನೀರು ಕೊಟ್ಟರು. ಅರ್ಧ ಕುಡಿದು ಲೋಟ ಇಡಲೆಂದು ಎದ್ದಳು. ಎರಡು ಹೆಜ್ಜೆಗೆ ನೆಲ ಎಡಕ್ಕೆ ವಾಲಿತು. ಹಡಗಿನ ಅಭ್ಯಾಸದಂತೆ ಅವಳು ಬಲಕ್ಕೆ ವಾಲಿದಳು. ಆದರೆ ಅತ್ತೆ ಹೇಳಿದಂತೆ ಆ ನೆಲ ಎಲ್ಲಿಗೂ ಹೋಗಿರಲಿಲ್ಲ. ಲೋಟ ಠಣ್ಣೆಂದು ಉರುಳಿ ನೀರು ಚೆಲ್ಲಿತು, ಅವಳು ಗೋಡೆಗೆ ಒರಗಿಕೊಂಡು ಕುಸಿದು ಕುಳಿತಳು.

"ಅಯ್ಯೋ," ಎಂದು ಅತ್ತೆ ತಿರುಗಿದರು. ಬಾಗಿಲಲ್ಲಿದ್ದ ಗಂಡ ಧಾವಿಸಿದ. ಬೆನ್ನಿಗೆ ಅಷ್ಟೇನೂ ಪೆಟ್ಟಾಗಿರಲಿಲ್ಲ, ಆದರೂ ಬೆಳಗಿನಿಂದ ತಡೆದದ್ದು ಕಣ್ಣಿಗೆ ಬಂದುಬಿಟ್ಟಿತು.

ಕಿಟಕಿಯ ಬಳಿಯಿದ್ದ ಪುಟ್ಟಿ ಇದನ್ನು ನೋಡಿದಳು. ಇಷ್ಟು ದೊಡ್ಡವರೂ ಬೀಳುತ್ತಾರೆಂಬುದು ಅವಳಿಗೆ ಹೊಸ ಸುದ್ದಿ. ಕೈಯೆರಡನ್ನೂ ಅಗಲಿಸಿಕೊಂಡು, ತಾನೂ ವಾಲುತ್ತ, ನೀರು ತುಳಿಯುತ್ತ ಹತ್ತಿರ ಬಂದಳು. ಹೆಂಗಸಿನ ಒದ್ದೆ ಕಣ್ಣನ್ನು ದಿಟ್ಟಿಸಿದಳು. ಆಮೇಲೆ ಮೊಣಕಾಲೂರಿ, ಪುಟ್ಟ ಅಂಗೈಯಿಂದ ನೆಲಕ್ಕೆ ಪಟ್ ಪಟ್ ಎಂದು ಎರಡೇಟು ಹಾಕಿದಳು.

"ತಗೋ," ಎಂದಳು.

ಗಂಡ ನಿಂತಲ್ಲೇ ನಿಂತ. ಅವಳ ಕೈ ಮಗಳತ್ತ ಹೊರಟಿತ್ತು. ಅಡುಗೆಯವನ ಮಾತು ನೆನಪಾಗಿ ಅಂಗೈಯನ್ನು ನೆಲಕ್ಕೆ ಒತ್ತಿ ಹಿಡಿದಳು.

"ಏಳು," ಎಂದಳು ಪುಟ್ಟಿ. ಏಟು ಬಿದ್ದ ಮೇಲೆ ಏಳಲೇಬೇಕು, ಅದು ನಿಯಮ.

"ಇನ್ನೂ ನೋವಿದೆ," ಎಂದಳು ಅವಳು ಮೆಲ್ಲಗೆ.

ಪುಟ್ಟಿ ಯೋಚಿಸಿದಳು. ಈ ನೆಲವನ್ನು ನಂಬುವಂತಿರಲಿಲ್ಲ, ಮತ್ತೆ ಬೀಳಿಸಿದರೂ ಬೀಳಿಸೀತು. ತಿರುಗಿ, ಹಿಮ್ಮುಖವಾಗಿ ಸರಿದು ಬಂದು, ಆ ಮಡಿಲಲ್ಲಿ ಕುಳಿತು ಕಾವಲಿಗೆ ತೊಡಗಿದಳು. ಲೋಟ ಎತ್ತಲು ಬಗ್ಗಿದ ಅತ್ತೆ ಅದನ್ನು ಹಾಗೆಯೇ ಬಿಟ್ಟರು.

ಪುಟ್ಟಿಯ ಅಂಗೈ ಮುಂದಿನ ಏಟಿಗೆಂದು ಎತ್ತಿದಂತೆಯೇ ಇತ್ತು. ಅವರಿಬ್ಬರ ಕೆಳಗೆ ನೆಲ ಮೆಲ್ಲಗೆ ಏಳುತ್ತಿತ್ತು, ಮೆಲ್ಲಗೆ ಇಳಿಯುತ್ತಿತ್ತು.