ತಲೆಕೆಳಗಾದ ಸರದಿ

ಯುಗಾದಿ ಕಳೆದು ವಾರಗಳಾಗಿದ್ದರೂ ಮಳೆಯ ಸುಳಿವಿರಲಿಲ್ಲ. ಕೋಣನಕುಂಟೆಯಲ್ಲಿ ಗಂಗಾಧರಯ್ಯನವರು ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬೋರ್‌ವೆಲ್ಲಿನ ಮೋಟರು ಬೆಳಗಿನಿಂದ ಓಡುತ್ತಿತ್ತು. ಟ್ಯಾಂಕರುಗಳು ಒಂದರ ಹಿಂದೊಂದು ಬಂದು ಪೈಪಿನ ಕೆಳಗೆ ನಿಂತು, ತುಂಬಿಕೊಂಡು ಜೆಪಿ ನಗರದ ಕಡೆಗೋ ಬನಶಂಕರಿಯ ಕಡೆಗೋ ಹೊರಡುತ್ತಿದ್ದವು. ಶೀಟಿನ ಕೋಣೆಯಲ್ಲಿ ಸೊಸೆ ಸೌಮ್ಯ ಫೋನನ್ನು ಭುಜಕ್ಕೆ ಒತ್ತಿಕೊಂಡು, ನೀರು ಕೇಳಿದವರ ವಿಳಾಸವನ್ನು ಕಂಪ್ಯೂಟರಿನ ಪುಟಕ್ಕೆ ಸೇರಿಸುತ್ತಿದ್ದಳು.

ಆ ಪುಟವನ್ನು ಬರೆದುಕೊಟ್ಟವನು ಅವರದೇ ಮನೆಯ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಚನ್ನವೀರ. ಗದಗದ ಕಡೆಯವನು, ಬಿಟಿಎಂ ಲೇಔಟಿನ ಒಂದು ಕಚೇರಿಯಲ್ಲಿ ವೆಬ್ ಪುಟ ಬರೆಯುವ ಕೆಲಸ. ಅವನ ದೊಡ್ಡಪ್ಪನ ಮಗ ಗುರುಸಿದ್ದ ಗಂಗಾಧರಯ್ಯನವರ ಟ್ಯಾಂಕರು ಓಡಿಸುತ್ತಿದ್ದ.

ಮನೆಗಳ ಸಾಲನ್ನು ಚನ್ನವೀರ ಒಂದು ಅರೇಯಲ್ಲಿ, ಅಂದರೆ ಕ್ರಮವಾಗಿ ಜೋಡಿಸಿದ ಪಟ್ಟಿಯಲ್ಲಿಟ್ಟಿದ್ದ. ಸಾಲಿಗೆ ಬೇಕಾದ ಕೆಲಸಗಳು ಪುಟ ಬರೆಯುವ ಭಾಷೆಯಾದ ಜಾವಾಸ್ಕ್ರಿಪ್ಟಿನಲ್ಲಿ ಮೊದಲೇ ಸಿದ್ಧವಾಗಿ ಸಿಗುತ್ತವೆ. ಪುಶ್ ಎಂದರೆ ಹೊಸ ಮನೆ ಕೊನೆಗೆ ಸೇರಿತು. ಶಿಫ್ಟ್ ಎಂದರೆ ಮೊದಲ ಮನೆ ಸಾಲಿನಿಂದ ಹೊರಬಂತು, ಟ್ಯಾಂಕರು ಅಲ್ಲಿಗೆ ಹೋಯಿತು. "ಸಾವಾದ ಮನೆಗೆ ಮೊದ್ಲು ನೀರು ಹೋಗ್ಬೇಕಪ್ಪ. ನಮ್ಮಲ್ಲಿ ಅದು ಹಿಂದಿಂದ ಬಂದಿದ್ದು, ಬಾಕಿಯೋರು ಕಾಯ್ಲಿ" ಎಂದು ಗಂಗಾಧರಯ್ಯ ಹೇಳಿದ್ದರು. ಅದಕ್ಕೆ ಅನ್‌ಶಿಫ್ಟ್ ಇತ್ತು. ಅಂಥ ಮನೆಯನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸುತ್ತಿತ್ತು. ಹೊಸ ಆರ್ಡರು ಮೇಲೆ ಕಾಣಬೇಕೆಂದು ಅವರು ಕೇಳಿದಾಗ ಅದಕ್ಕೂ ಒಂದು ಬಟನ್ ಇಟ್ಟಿದ್ದ.

ಅವತ್ತು ಭಾನುವಾರ, ರಜೆಯೆಂದು ಚನ್ನವೀರನೂ ಶೀಟಿನ ಕೋಣೆಗೆ ಬಂದಿದ್ದ. ಮಧ್ಯಾಹ್ನ ಫೋನೆತ್ತಿದ ಸೌಮ್ಯ ಕುರ್ಚಿಯಿಂದ ಎದ್ದುನಿಂತಳು.

"ಮಾವ, ಬೇಗೂರಿನ ಉಗ್ರಪ್ಪನೋರು. ಬೆಳಗ್ಗೆ ಅವರ ತಾಯಿ ಹೋದ್ರಲ್ಲ, ನೀರು ಇನ್ನೂ ಬಂದಿಲ್ವಂತೆ. ಆ ದಾರೀಲಿ ಖಾಲಿ ಗಾಡಿ ತರ್ತಿದ್ದ ಗುರುಸಿದ್ದಣ್ಣನ್ನ ಹಿಡ್ಕೊಂಡಿದಾರೆ. ಹೊಡೀತಿದಾರೆ ಮಾವ, ಫೋನಲ್ಲೇ ಕೇಳ್ಸ್ತು. ಹೊತ್ತು ಮುಳುಗೋದ್ರೊಳಗೆ ಹೆಣ ಎತ್ತಕ್ಕಾಗ್ಲಿಲ್ಲ ಅಂದ್ರೆ ನಿಮ್ಮ ಡ್ರೈವರು ನಡ್ಕೊಂಡು ವಾಪಸ್ ಬರಲ್ಲ ಅಂದ್ರು."

ಉಗ್ರಪ್ಪನಿಗೂ ಗಂಗಾಧರಯ್ಯನವರಿಗೂ ಬದುವಿನ ತಗಾದೆ, ಕೋರ್ಟಿನಲ್ಲಿತ್ತು.

"ಜಮೀನಿನ ಸಿಟ್ಟು ಹೆಣದ ಮೇಲೆ ತೀರ್ಸ್ಕೊಂಡೆ ಅಂದ್ಕೊಂಡಿರ್ಬೇಕಲ್ಲ ಅವ್ನು!" ಗಂಗಾಧರಯ್ಯ ಬಾಗಿಲಿನಿಂದ ಒಳಗೆ ಬಂದರು. "ಅಂಥ ಕೆಲ್ಸ ಮಾಡ್ತೀನೇನಮ್ಮ ನಾನು?"

"ನಾನೇ ಮೇಲಕ್ಕೆ ಹಾಕಿದ್ದೆ, ವೀರಣ್ಣ," ಸೌಮ್ಯ ಚನ್ನವೀರನ ಕಡೆ ತಿರುಗಿದಳು. "ನಡುವೆ ಅವ್ರು ಫೋನ್ ಮಾಡ್ದಾಗ್ಲೂ ಹೊರಟಾಯ್ತು ಅಂದ್ಬಿಟ್ಟೆ."

ಚನ್ನವೀರ ಪರದೆ ನೋಡಿದ. ಉಗ್ರಪ್ಪನ ಮನೆ ಸಾಲಿನ ತಳದಲ್ಲಿತ್ತು. ಬಟನ್ ಒತ್ತಿದ, ಮೇಲಕ್ಕೆ ಬಂತು. ಮತ್ತೆ ಒತ್ತಿದ, ತಳಕ್ಕೆ ಹೋಯಿತು.

ಆ ಬಟನ್ನಿಗೆ ಅವನು ರಿವರ್ಸ್ ಬಳಸಿದ್ದ. ಅದು ಸಾಲಿನ ಒಂದು ಪ್ರತಿಯನ್ನು ತಿರುಗಿಸಿ ತೋರಿಸುತ್ತದೆ ಎಂದುಕೊಂಡಿದ್ದ. ಅದು ಮೂಲ ಸಾಲನ್ನೇ ತಿರುಗಿಸಿಬಿಡುತ್ತಿತ್ತು. ಒಮ್ಮೆ ಒತ್ತಿ ಹೊಸದು, ಮತ್ತೊಮ್ಮೆ ಒತ್ತಿ ಹಳೆಯದು ಎಂದು ಅವನು ಪರೀಕ್ಷೆ ಮಾಡಿದಾಗಲೆಲ್ಲ ಸರಿಯಾಗಿಯೇ ಕಂಡಿತ್ತು. ಇವತ್ತು ಸೌಮ್ಯ ಉಗ್ರಪ್ಪನ ಮನೆಯನ್ನು ಮೇಲಕ್ಕೆ ಹಾಕಿದ ಮೇಲೆ ಗಂಗಾಧರಯ್ಯ ಒಮ್ಮೆ ಒತ್ತಿ ನೋಡಿ, ಮತ್ತೆ ಒತ್ತದೆ ಹಾಗೇ ಎದ್ದುಹೋಗಿದ್ದರು.

"ನೀವು ಬರಬ್ಯಾಡ್ರಿ, ನಾ ಹೋಗ್ತೀನಿ" ಎಂದು ಗಂಗಾಧರಯ್ಯನವರಿಗೆ ಹೇಳಿ ಚನ್ನವೀರ ತುಂಬಿ ನಿಂತಿದ್ದ ಟ್ಯಾಂಕರು ಹತ್ತಿದ.

ದಾರಿಯುದ್ದಕ್ಕೂ ಹಿಂದೆ ನೀರು ತುಳುಕಿ ಗಾಡಿಯನ್ನು ಅತ್ತಿತ್ತ ಎಳೆಯುತ್ತಿತ್ತು. ಡ್ರೈವರು ಭೀಮಪ್ಪ ಬೆವರು ಒರೆಸಿಕೊಂಡ. "ಮೊದಲ ನೀ ಇಳೀಪಾ. ನಾ ಎಂಜಿನ್ ಬಂದ್ ಮಾಡಂಗಿಲ್ಲ."

ಉಗ್ರಪ್ಪನ ಮನೆ ಮುಂದಿನ ಶಾಮಿಯಾನದ ಕೆಳಗಿದ್ದವರೆಲ್ಲ ಎದ್ದರು. ಗುರುಸಿದ್ದ ಗೋಡೆಗೊರಗಿ ನೆಲದ ಮೇಲೆ ಕೂತಿದ್ದ. ತುಟಿ ಒಡೆದಿತ್ತು, ಒಂದು ಕಣ್ಣು ಮುಚ್ಚಿಹೋಗಿತ್ತು. ಚನ್ನವೀರನ ಕಾಲು ನೆಲ ಮುಟ್ಟುವಷ್ಟರಲ್ಲಿ ಯಾರೋ ಅವನ ಅಂಗಿ ಹಿಡಿದರು.

"ಯಾರಲೇ ನೀನು?" ಎಂದ ಉಗ್ರಪ್ಪ.

"ಕಂಪ್ಯೂಟರಿಗೆ ಬರೆದವನು ನಾನು ಸಾರ್. ನಿಮ್ಮ ಮನೇನೇ ಮೊದಲಿತ್ತು. ನಾ ಬರೆದದ್ದು ತಪ್ಪಾಗಿ ಸಾಲು ತಲೆಕೆಳಗಾತು. ಯಜಮಾನ್ರಿಗೆ ಗೊತ್ತೇ ಇಲ್ಲ."

"ಕಂಪ್ಯೂಟರ್‌ಗೂ ನಿಮ್ ಜಮೀನ್ ಮೇಲೆ ಕಣ್ಣಂತೆ ಕಣಣ್ಣೋ!" ಎಂದಿತು ಹಿಂದಿನಿಂದ ಒಂದು ದನಿ. ಯಾರೋ ನಕ್ಕರು.

"ಗಂಗಾಧರ ಹೇಳ್ಕೊಟ್ಟು ಕಳ್ಸಿದ್ನಾ?" ಉಗ್ರಪ್ಪ ಕೈಯೆತ್ತಿದ. ಚನ್ನವೀರ ಕಣ್ಣು ಮುಚ್ಚಿಕೊಂಡ.

"ಉಗ್ರಾ, ನೀರು ಬಂತಲ್ಲ!" ಒಳಗಿನಿಂದ ಅಕ್ಕ ನೀಲಗಂಗಮ್ಮ ಕೂಗಿದಳು. "ಅವ್ವನ್ನ ಈ ಸೆಕೇಲಿ ಇನ್ನೆಷ್ಟೊತ್ತೋ ಮಲಗ್ಸಿರ್ತೀಯ? ಕೊಡಗಳು ತತ್ತಾ!"

ಎತ್ತಿದ ಕೈ ಇಳಿಯಿತು. ಹೆಂಗಸರು ಕೊಡಗಳೊಂದಿಗೆ ಪೈಪಿಗೆ ಮುಗಿಬಿದ್ದರು. ಮೀಯಿಸಿ, ಹೆಣ ಎತ್ತಲು ಅಣಿಯಾದ ಮೇಲೆ ಉಗ್ರಪ್ಪ ಗುರುಸಿದ್ದನಿಂದ ಕಿತ್ತಿಟ್ಟುಕೊಂಡಿದ್ದ ಗಾಡಿಯ ಬೀಗದ ಕೈಯನ್ನು ಮಣ್ಣಿಗೆಸೆದ. ಚನ್ನವೀರ ಬಗ್ಗಿ ಆರಿಸಿಕೊಂಡ.

ಗುರುಸಿದ್ದ ಅವನ ಕೈಯಿಂದ ಅದನ್ನು ಕಿತ್ತುಕೊಂಡು ತಾನೇ ಗಾಡಿ ಓಡಿಸಿದ, ಒಂದೇ ಕಣ್ಣಿನಲ್ಲಿ.

"ಅಣ್ಣಾ, ತಪ್ಪು ನಂದು."

"ಅವರ ಮುಂದ ಹೇಳಿದಿ, ಕೇಳೀನಿ." ಗೇರು ಬದಲಿಸಿ ಗುರುಸಿದ್ದ ಅಂದ, "ನಿನ್ನ ಪಾಲಿನ ಏಟು ನಾ ತಿಂದೀನಿ. ಅದನ್ನ ಹೆಂಗ ತೀರಸ್ತಿ?"

ಕೋಣನಕುಂಟೆಗೆ ವಾಪಸಾದ ಕೂಡಲೇ ಚನ್ನವೀರ ಕಂಪ್ಯೂಟರಿನ ಮುಂದೆ ಕೂತು ರಿವರ್ಸ್‌ಗೆ ಮುಂಚೆ, ಸಾಲಿನ ಪ್ರತಿ ತೆಗೆಯುವ ಸ್ಲೈಸ್ ಸೇರಿಸಿದ. ಇನ್ನು ತಿರುಗುವುದು ಪ್ರತಿ ಮಾತ್ರ, ಸಾಲು ಇದ್ದ ಹಾಗೇ ಇರುತ್ತದೆ. ಒಂದೇ ಪದದ ಕೆಲಸ. ಮತ್ತೆ ಮತ್ತೆ ಅಳಿಸಿ ಬರೆದ.

ಗುರುಸಿದ್ದ ಆಮೇಲೆ ಆ ಮಾತೆತ್ತಲಿಲ್ಲ. ಪಂಚಮಿಗೆ ಇಬ್ಬರೂ ಊರಿಗೆ ಹೋದಾಗ ದೊಡ್ಡವ್ವ ರೇಣುಕವ್ವ ರೊಟ್ಟಿ ಬಡಿಸುತ್ತ ಮಗನ ತುಟಿಯ ಮೇಲಿನ ಕಲೆ ನೋಡಿ ಕೇಳಿದಳು, "ಇದೇನಾತೋ?"

"ಪೈಪ್ ಬಡೀತವ್ವಾ."

ಚನ್ನವೀರ ತಾಟಿನಿಂದ ತಲೆ ಎತ್ತಲಿಲ್ಲ.